ಹಿರಿಯರ ಊಟ, ಹಿರಿಯರ ಮನಸ್ಸು

ವಯಸ್ಸಾದಂತೆ ಊಟ ಕಡಿಮೆಯಾಗುವುದು ಸಹಜವೆಂದು ನಾವೆಲ್ಲ ನಂಬಿದ್ದೇವೆ. ಹಿರಿಯರು ಅರ್ಧ ರೊಟ್ಟಿಗೆ ಕೈತೊಳೆದರೆ ಮನೆಯವರೂ ಒತ್ತಾಯಿಸುವುದಿಲ್ಲ. ಆದರೆ ಎರಡು ವಾರಗಳಿಗೂ ಮೀರಿ ಹಸಿವಿಲ್ಲದಿರುವುದು, ನಿದ್ರೆ ಕೆಡುವುದು, ಮಾತು ಕಡಿಮೆಯಾಗುವುದು, ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು ಮುಪ್ಪಿನ ಸ್ವಭಾವವಲ್ಲ. ಅವು ಖಿನ್ನತೆಯೆಂಬ ಕಾಯಿಲೆಯ ಲಕ್ಷಣಗಳಾಗಿರಬಹುದು. ಅನೇಕ ವೃದ್ಧರು ಮನಸ್ಸಿನ ದುಃಖವನ್ನು ಹೇಳಿಕೊಳ್ಳದೆ, ಮೈಕೈ ನೋವು, ನಿಶ್ಶಕ್ತಿ ಎಂದಷ್ಟೇ ಹೇಳುತ್ತಾರೆ.

ಮನಸ್ಸು ಕುಗ್ಗಿದಾಗ ಊಟ ಸೇರದು. ಊಟ ತಪ್ಪಿದಾಗ ದೇಹ ಸೊರಗಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಇದರಲ್ಲಿ ಸಸ್ಯಾಹಾರಿ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದದ್ದು ಬಿ-12 ಜೀವಸತ್ವ. ರಕ್ತಕ್ಕೂ ನರಮಂಡಲಕ್ಕೂ ಅವಶ್ಯವಾದ ಈ ಸತ್ವ ಕಾಳು, ಸೊಪ್ಪು, ತರಕಾರಿಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಇದರ ಮುಖ್ಯ ಆಧಾರ. ವಯಸ್ಕರಿಗೆ ದಿನಕ್ಕೆ ಸುಮಾರು 2.4 ಮೈಕ್ರೊಗ್ರಾಂ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೊಗ್ರಾಂ ಇರುತ್ತದೆ. ಹಿರಿಯರಲ್ಲಿ ಜಠರದ ಆಮ್ಲ ಕಡಿಮೆಯಾದಾಗ ತಿಂದದ್ದರಲ್ಲಿನ ಬಿ-12 ಕೂಡ ಸರಿಯಾಗಿ ರಕ್ತಗತವಾಗದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳನ್ನು ಬಹುಕಾಲ ಸೇವಿಸುವವರಲ್ಲಿಯೂ ಈ ಕೊರತೆ ಉಂಟಾಗಬಹುದು.

ಇದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು, ಮರೆವು, ಮನಸ್ಸಿನ ಕುಗ್ಗುವಿಕೆ ತಲೆದೋರಬಹುದು. ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಕೊರತೆಯನ್ನು ಗುರುತಿಸಬಹುದು. ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಪಡಿಸಬಹುದು. ಆದರೆ ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ ನಿಲ್ಲಿಸಬಾರದು. ಎಲ್ಲ ಖಿನ್ನತೆಗೂ ಆಹಾರವೇ ಕಾರಣವಲ್ಲ; ಸಂಗಾತಿಯ ಅಗಲಿಕೆ, ಒಂಟಿತನ, ದೀರ್ಘ ಕಾಯಿಲೆಗಳೂ ಕಾರಣಗಳೇ. ಅದಕ್ಕೆ ಮನೋವೈದ್ಯರ ಚಿಕಿತ್ಸೆ ಬೇಕಾದಲ್ಲಿ ಸಂಕೋಚ ಸಲ್ಲದು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಬದುಕೇ ಬೇಡವೆಂಬ ಮಾತು ಹಿರಿಯರಿಂದ ಬಂದರೆ ಒಂದು ದಿನವೂ ತಡಮಾಡಬಾರದು.

ಮನೆಯಲ್ಲಿ ಮಾಡಬಹುದಾದದ್ದೂ ಬಹಳವಿದೆ. ಹಲ್ಲಿಲ್ಲದವರಿಗೆ ಗಟ್ಟಿ ರೊಟ್ಟಿಯ ಬದಲು ಜೋಳದ ನುಚ್ಚು, ಮೆತ್ತಗೆ ಬೆಂದ ಹೆಸರುಬೇಳೆ, ಮೊಸರು ಕೊಡಬಹುದು. ಮೂರು ಹೊತ್ತಿನ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಐದು ಸಲ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರನ್ನು ಕೋಣೆಯಲ್ಲಿ ಒಬ್ಬರನ್ನೇ ಉಣ್ಣಲು ಬಿಡಬಾರದು. ಬಂದವರಿಗೆ ಉಣಬಡಿಸುವುದನ್ನು ಧರ್ಮವೆಂದು ತಿಳಿದ ಮನೆಗಳಲ್ಲಿ, ಹಿರಿಯರು ಎಷ್ಟು ಉಂಡರೆಂಬುದನ್ನು ಕೇಳುವವರು ಇರಲೇಬೇಕು.