ಉಕ್ಕಿನ ಮುಂದೆ ವಜ್ರದ ಸೋಲು

ಶಿರಸಿ ತಾಲ್ಲೂಕಿನ ಇಸಳೂರಿನಂತಹ ಅಡಿಕೆ ಸೀಮೆಯ ಊರುಗಳಲ್ಲಿ ಕೊಯ್ಲಿನ ಕಾಲ ಬಂದಿತೆಂದರೆ ಮೆಟ್ಟುಗತ್ತಿಗಳ ಹರಿತ ನೋಡುವುದು ಮೊದಲ ಕೆಲಸ. ಅದಕ್ಕೆ ಮಸೆಗಲ್ಲೂ ಕೊಂಚ ನೀರೂ ಸಾಕು. ಕಲ್ಲಿನ ಕಣ ಉಕ್ಕಿಗಿಂತ ಗಡಸಾದುದರಿಂದ ಅದು ಉಕ್ಕನ್ನು ಸವೆಸುತ್ತದೆ. ಹಾಗಾದರೆ ಎಲ್ಲಕ್ಕಿಂತ ಗಡಸೆನಿಸಿದ ವಜ್ರ ಉಕ್ಕಿಗೆ ಅತ್ಯುತ್ತಮ ಸಾಣೆಯಾಗಬೇಕಲ್ಲವೆ? ಆಗುವುದಿಲ್ಲ. ಇದನ್ನರಿಯದೆ ದುಬಾರಿ ವಜ್ರಚಕ್ರವನ್ನು ಉಕ್ಕಿಗೆ ಒತ್ತಿ ಹಾಳುಮಾಡಿಕೊಳ್ಳುವುದುಂಟು.

ಸಾಣೆಚಕ್ರಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಅಲ್ಯುಮಿನಿಯಂ ಆಕ್ಸೈಡ್. ಇದರ ನೈಸರ್ಗಿಕ ರೂಪವೇ ಕುರುಂದದ ಕಲ್ಲು. ಹಳೆಯ ಮೈಸೂರು ಸೀಮೆಯಲ್ಲಿಯೂ ದೊರೆಯುತ್ತಿದ್ದ ಈ ಖನಿಜದ ಇಂಗ್ಲಿಷ್ ಹೆಸರು 'ಕೊರಂಡಮ್' ನಮ್ಮ ದಕ್ಷಿಣದ ಭಾಷೆಗಳಿಂದಲೇ ಹೋದುದು. ನೂಪ್ ಮಾಪನದಲ್ಲಿ ಅದರ ಗಡಸುತನ ಸುಮಾರು 2100. ವಜ್ರದ್ದು 7000ಕ್ಕೂ ಮಿಗಿಲು.

ಆದರೆ ವಜ್ರ ಶುದ್ಧ ಇಂಗಾಲ. ಕಬ್ಬಿಣಕ್ಕಾದರೋ ಇಂಗಾಲವೆಂದರೆ ತೀರದ ಹಸಿವು. ಚಕ್ರದ ಅಂಚಿನಲ್ಲಿ ಶಾಖವು ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ವಜ್ರದ ಮೈ ಗ್ರಾಫೈಟ್ ಆಗತೊಡಗಿ ಕಬ್ಬಿಣದಲ್ಲಿ ಕರಗಿಹೋಗುತ್ತದೆ. ಇದು ಗಡಸುತನದ ಸೋಲಲ್ಲ, ರಸಾಯನದ ಸೋಲು.

ಪರಿಹಾರ ದೊರೆತದ್ದು 1957ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ವೆಂಟಾರ್ಫ್, ಗ್ರಾಫೈಟಿನಂತೆ ಪದರಪದರವಾಗಿರುವ ಬಿಳಿಯ ಬೋರಾನ್ ನೈಟ್ರೈಡನ್ನು ವೇಗವರ್ಧಕದೊಡನೆ ಅಪಾರ ಒತ್ತಡ ಹಾಗೂ ಶಾಖಕ್ಕೆ ಗುರಿಪಡಿಸಿ, ವಜ್ರದ ರಚನೆಯನ್ನೇ ಹೋಲುವ ಘನಾಕೃತಿಯ ಹರಳುಗಳನ್ನು ಪಡೆದನು. 1969ರಲ್ಲಿ ಇದು 'ಬೊರಾಜಾನ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಗಡಸುತನ ಸುಮಾರು 4700, ಅಂದರೆ ವಜ್ರಕ್ಕಿಂತ ಬಹಳ ಕಡಿಮೆ. ಆದರೆ ಇದರಲ್ಲಿ ಇಂಗಾಲವಿಲ್ಲ, 1000 ಡಿಗ್ರಿಯಲ್ಲಿಯೂ ಇದು ಕೆಡದು. ಉಷ್ಣವನ್ನು ಬೇಗ ಸಾಗಿಸುವುದರಿಂದ ಉಕ್ಕಿನ ಮೈಯೂ ಸುಡುವುದಿಲ್ಲ. ಬೇರಿಂಗು, ಗೇರುಗಳಂತಹ ಗಟ್ಟಿಗೊಳಿಸಿದ ಉಕ್ಕಿನ ಭಾಗಗಳಿಗೆ ಇದೇ ತಕ್ಕ ವಸ್ತು. ಬೆಂಗಳೂರಿನ ಮಗ್ಗುಲಿನ ಹೊಸೂರಿನಲ್ಲಿ ವೆಂಟ್ (ಇಂಡಿಯಾ) ಸಂಸ್ಥೆಯು ಎರಡೂ ಬಗೆಯ ಚಕ್ರಗಳನ್ನು ತಯಾರಿಸುತ್ತ ಬಂದಿದೆ.

ಈ ಭೇದ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮರಗೆಲಸದ ಗರಗಸದ ಹಲ್ಲಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯಿದ್ದರೆ ಅದಕ್ಕೆ ವಜ್ರಚಕ್ರವೇ ಸರಿ. ಆದರೆ ಚಕ್ರವು ಗರಗಸದ ಉಕ್ಕಿನ ಮೈಗೆ ತಗುಲಬಾರದು. ಹೈಸ್ಪೀಡ್ ಉಕ್ಕಿನ ಹತ್ತರಿ ಯಂತ್ರದ ಅಲಗಿಗೆ ಬೋರಾನ್ ನೈಟ್ರೈಡ್ ಬೇಕು. ಮೆದು ಉಕ್ಕಿಗೆ ಇದೂ ಸಲ್ಲದು, ಕಣಗಳ ನಡುವೆ ಲೋಹ ಮೆತ್ತಿಕೊಳ್ಳುತ್ತದೆ.

ಇನ್ನು ಮೆಟ್ಟುಗತ್ತಿಗೆ ಇವೆರಡೂ ಬೇಡ. ಒಣಚಕ್ರಕ್ಕೆ ಒತ್ತಿದರೆ ಬಾಯಿ ನೀಲಿಗಟ್ಟಿ ಹದ ಇಳಿದುಹೋಗುತ್ತದೆ. ಅಂಥ ಕತ್ತಿಯನ್ನು ಮತ್ತೆ ಕಮ್ಮಾರನ ಕುಲುಮೆಗೇ ಒಯ್ಯಬೇಕು.