ಕಾಲಿರುವ ಅಗ್ಗಿಷ್ಟಿಕೆ: ಅಬ್ಬಿಗೆರೆಯಲ್ಲೇ ಮಾಡಿಸಿ, ಊರಿನ ದಾರಿಗೆ ಒಯ್ಯಿರಿ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಅಬ್ಬಿಗೆರೆ, ಜಾಲಹಳ್ಳಿ, ಯಲಹಂಕ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಮಾತು: ಊರಿಗೆ ಯಾವಾಗ ಹೊರಡೋದು? ಮೊದಲೆಲ್ಲ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮಂಗಳೂರಿನಲ್ಲಿ ಇಳಿದರೆ ಮುಗಿಯಿತು. ಈಗ ಕಾರು ಇದೆ, ಕಾರಿನಲ್ಲಿ ಮಕ್ಕಳಿದ್ದಾರೆ. ನೆಲಮಂಗಲದಿಂದ ರಾಷ್ಟ್ರೀಯ ಹೆದ್ದಾರಿ 75 ಹಿಡಿದು ಹಾಸನ ದಾಟಿ ಸಕಲೇಶಪುರ ಮುಟ್ಟುವಷ್ಟರಲ್ಲಿ ‘ಇಲ್ಲಿ ಒಂದು ರಾತ್ರಿ ಉಳಿಯೋಣ’ ಎಂಬ ಹಟ ಶುರು. ಹೋಂಸ್ಟೇ ಆಗಲಿ, ತೋಟದಂಚಿನ ಟೆಂಟ್ ಆಗಲಿ, ಮಕ್ಕಳಿಗೆ ಕ್ಯಾಂಪ್ ಫೈರ್ ಬೇಕು. ದೊಡ್ಡವರಿಗೆ ಹೋಗುವಾಗ ಕೆಂಡದ ಮೇಲೆ ಸುಟ್ಟ ಕೋಳಿ, ಬರುವಾಗ ಬಂಗುಡೆ, ಮೇಲೊಂದು ಸುಲೈಮಾನಿ.

ಬೆಂಕಿ ಹಾಕುವುದು ಎಲ್ಲಿ ಎಂಬುದೇ ತಕರಾರು. ಕಾಫಿ ತೋಟದ ನೆಲವೆಂದರೆ ಬರೀ ಮಣ್ಣಲ್ಲ. ಸಿಲ್ವರ್ ಓಕ್ ಎಲೆ, ಒಣ ಕಡ್ಡಿ, ಅರ್ಧ ಕೊಳೆತ ಗೊಬ್ಬರ, ಅದರ ಕೆಳಗೆ ಬೇರು. ಇಂಥ ನೆಲದ ಮೇಲೆ ನೇರವಾಗಿ ಸೌದೆ ಜೋಡಿಸಿ ಹೊತ್ತಿಸಿದರೆ ಮೇಲಿನ ಬೆಂಕಿ ಆರಿದ ಮೇಲೂ ಒಳಗೊಳಗೇ ಬೇರು ಹಿಡಿದು ಕಿಡಿ ಸಾಗುತ್ತದೆ. ನೀವು ಬೆಳಗ್ಗೆ ಶಿರಾಡಿ ಘಾಟಿ ಇಳಿಯುತ್ತಿರುವಾಗ ಹಿಂದೆ ತೋಟದಲ್ಲಿ ಹೊಗೆ ಏಳಬಹುದು. ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ ಅನ್ನಿಸುತ್ತದೆ ನಿಜ, ಆದರೆ ಡಿಸೆಂಬರ್‌ನಲ್ಲಿ ಅಲ್ಲಿ ಕಾಫಿ ಹರವಿರುತ್ತಾರೆ. ತೋಟದವರು ಮುಖ ಗಂಟು ಹಾಕಿದರೆ ಅವರ ತಪ್ಪಲ್ಲ.

ಇದಕ್ಕೆ ಉತ್ತರ ನೆಲದಿಂದ ಎತ್ತರದಲ್ಲಿ ನಿಲ್ಲುವ, ಬಿಚ್ಚಿ ಜೋಡಿಸಬಹುದಾದ ಅಗ್ಗಿಷ್ಟಿಕೆ. ಮಕ್ಕಳ ಭಾಷೆಯಲ್ಲಿ ಫೈರ್ ಪಿಟ್. ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೊರದೇಶದ ಮಾದರಿಗಳ ಬೆಲೆ ನೋಡಿದರೆ ಮಾತ್ರ ಬೆಂಕಿಯೇ ಬೇಡ ಅನ್ನಿಸುತ್ತದೆ. ಪೀಣ್ಯದ ಪಕ್ಕದಲ್ಲೇ ಇರುವ ಅಬ್ಬಿಗೆರೆಯವರಿಗೆ ಆ ಗೊಡವೆ ಯಾಕೆ? ತಗಡು ಕತ್ತರಿಸುವ, ಬೆಂಡ್ ಮಾಡುವ, ವೆಲ್ಡಿಂಗ್ ಹೊಡೆಯುವ ಶೆಡ್‌ಗಳು ಇಲ್ಲಿ ಬೀದಿಗೆ ಹಲವು. ನಮ್ಮವರೂ ಎಷ್ಟೋ ಮಂದಿ ಇದೇ ಕೆಲಸಗಳಲ್ಲಿದ್ದಾರೆ. ಏನು ಹೇಳಿ ಮಾಡಿಸಬೇಕು ಅನ್ನೋದು ಗೊತ್ತಿದ್ದರೆ ಸಾಕು.

‘ಎಷ್ಟು ಎಂಎಂ?’

ಶೆಡ್‌ನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ದಪ್ಪ ಹೆಚ್ಚಾದಷ್ಟು ಬಾಳಿಕೆ, ದಪ್ಪ ಹೆಚ್ಚಾದಷ್ಟು ಭಾರ. ಲೆಕ್ಕ ಸುಲಭ: ಒಂದು ಚದರ ಮೀಟರ್ ಕಬ್ಬಿಣದ ತಗಡು, ಒಂದು ಎಂಎಂ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಆರೇಳು ಜನರ ಕುಟುಂಬಕ್ಕೆ 40 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 20 ಸೆಂಟಿಮೀಟರ್ ಆಳದ ಪೆಟ್ಟಿಗೆ ಧಾರಾಳ. ತಳ ಮತ್ತು ನಾಲ್ಕು ಬದಿ ಸೇರಿ ಅರ್ಧ ಚದರ ಮೀಟರ್‌ಗಿಂತ ಸ್ವಲ್ಪ ಕಡಿಮೆ ತಗಡು. 3 ಎಂಎಂ ಹಾಕಿದರೆ 11 ಕಿಲೋ ದಾಟುತ್ತದೆ, 2 ಎಂಎಂಗೆ ಏಳೂವರೆ ಕಿಲೋ, 1.6 ಎಂಎಂಗೆ ಆರು ಕಿಲೋ. ಒಂದು ಎಂಎಂಗೆ ಇಳಿದರೆ ತೂಕವೇನೋ ಕಡಿಮೆ, ಆದರೆ ಎರಡು ಸಲ ಕಾದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನನ್ನ ಮಟ್ಟಿಗೆ 2 ಎಂಎಂ ಸರಿ.

ಸ್ಟೇನ್‌ಲೆಸ್ ಸ್ಟೀಲ್ ಆದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ತುಕ್ಕು ಹಿಡಿಯುವುದಿಲ್ಲ, ಕರಾವಳಿಯ ಉಪ್ಪು ಗಾಳಿಗೆ ತಾಳುತ್ತದೆ, ಅದು ನಿಜ. ಆದರೆ ಬಿಸಿಗೆ ಅದು ಸಾದಾ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬಿಸಿಯನ್ನು ಬೇಗ ಹರಡುವುದೂ ಇಲ್ಲ. ಹಾಗಾಗಿ ತೆಳು ಸ್ಟೀಲ್ ತಗಡು ಕಬ್ಬಿಣಕ್ಕಿಂತ ಬೇಗ ಡೊಂಕಾಗುತ್ತದೆ. ಹಣ ಇದ್ದರೆ ಮೀನು ಸುಡುವ ಜಾಲರಿಯನ್ನು ಸ್ಟೀಲಿನದು ಮಾಡಿಸಿ, ಪೆಟ್ಟಿಗೆ ಕಬ್ಬಿಣದ್ದೇ ಇರಲಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಜಿಐ ತಗಡು ಬೇಡವೇ ಬೇಡ. ಮೇಲೆ ಬೆಳ್ಳಿ ಬಣ್ಣ, ಹೂವು ಬಿಡಿಸಿದಂಥ ಮಚ್ಚೆ ಇದ್ದರೆ ಅದು ಸತುವಿನ ಲೇಪ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಗಾಳಿ ಹೊಡೆದ ಕೆಂಡದ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು ಬರುತ್ತದೆ. ಪೀಣ್ಯದ ವೆಲ್ಡರ್‌ಗಳನ್ನು ಕೇಳಿ, ಗೊತ್ತಿರುತ್ತದೆ. ಶೆಡ್‌ನ ಮೂಲೆಯಲ್ಲಿ ಉಳಿದ ತಗಡು ಜಿಐ ಆಗಿದ್ದರೆ ‘ಇದರಲ್ಲೇ ಕಡಿಮೆಗೆ ಮಾಡಿಕೊಡ್ತೇನೆ’ ಎನ್ನಬಹುದು. ಬೇಡ ಎನ್ನಿ. ಹಾರ್ಡ್‌ವೇರ್ ಅಂಗಡಿಯ ಕೋಳಿಗೂಡಿನ ಜಾಲರಿಯ ಮೇಲೆ ಮೀನು ಸುಡುವವರಿದ್ದಾರೆ, ಅದಕ್ಕೂ ಸತುವಿನ ಲೇಪವೇ ಇರುತ್ತದೆ. ಹಳೆ ಫ್ರಿಜ್ಜಿನ ತಟ್ಟೆಯ ಲೇಪವೂ ಬೆಂಕಿಗೆ ಆಗಿ ಬರುವುದಿಲ್ಲ.

ಗುಜರಿ ಅಂಗಡಿಯ ವಾಷಿಂಗ್ ಮೆಷಿನ್ ಡ್ರಮ್ ಈಗ ಬಹಳ ಜನಪ್ರಿಯ. ಕೆಟ್ಟದ್ದಲ್ಲ, ತೂತುಗಳಿಂದ ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಬಾಯಿಯ ಪ್ಲಾಸ್ಟಿಕ್ ಬಳೆ, ಹಿಂದಿನ ಅಲ್ಯೂಮಿನಿಯಂ ಭಾಗ ಎರಡನ್ನೂ ತೆಗೆಸಲೇಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿ ಸುರಿಯುತ್ತದೆ. ಹಳೆ ಗ್ಯಾಸ್ ಸಿಲಿಂಡರ್ ಕತ್ತರಿಸಿ ಮಾಡುವ ವಿಡಿಯೋಗಳೂ ಬರುತ್ತಿವೆ. ಮನೆಯ ಸಿಲಿಂಡರ್ ತೈಲ ಕಂಪೆನಿಯ ಸೊತ್ತು, ನಾವು ಕೊಟ್ಟದ್ದು ಬರೀ ಡಿಪಾಸಿಟ್. ಒಳಗೆ ಉಳಿದ ಅನಿಲಕ್ಕೆ ಗ್ರೈಂಡರಿನ ಒಂದು ಕಿಡಿ ಸಾಕು. ಆ ಕಡೆ ತಲೆ ಹಾಕದಿರುವುದೇ ಲೇಸು.

ಕಾಲಿನ ಕಥೆ

ಪೆಟ್ಟಿಗೆಯ ತಳ ನೆಲದಿಂದ ಕನಿಷ್ಠ 25–30 ಸೆಂಟಿಮೀಟರ್ ಮೇಲಿರಲಿ. ಅಷ್ಟೇ ಸಾಲದು, ತಳಕ್ಕೂ ನೆಲಕ್ಕೂ ನಡುವೆ ಇನ್ನೊಂದು ತಗಡಿನ ತಟ್ಟೆ ಬೇಕು. ಉದುರುವ ಬೂದಿ ಮತ್ತು ಕಿಡಿಯನ್ನು ಅದು ಹಿಡಿಯುತ್ತದೆ, ಕೆಳಗಿನ ಹುಲ್ಲಿಗೆ ಬಿಸಿ ತಾಗದಂತೆ ತಡೆಯುತ್ತದೆ. ಈ ತಟ್ಟೆ ಇಲ್ಲದ ಫೈರ್ ಪಿಟ್ ಅರ್ಧ ಕೆಲಸ. ಅಂಗಡಿಯಲ್ಲಿ ಕೊಳ್ಳುವವರೂ ಮೊದಲು ಇದನ್ನೇ ನೋಡಬೇಕು.

ಎತ್ತರ ಎಂದು ಸೊಂಟದವರೆಗೆ ಏರಿಸಬೇಡಿ. ಸುತ್ತ ಮಕ್ಕಳು ಓಡಾಡುತ್ತಿರುತ್ತಾರೆ, ಕಾಲು ತಾಗಿದರೆ ಬೀಳುವುದು ಕೆಂಡದ ಪೆಟ್ಟಿಗೆ. ನಾಲ್ಕು ಕಾಲುಗಳ ನಡುವಿನ ಅಗಲ ಒಟ್ಟು ಎತ್ತರಕ್ಕಿಂತ ಹೆಚ್ಚಿರಲಿ, ಕಾಲುಗಳು ಸ್ವಲ್ಪ ಹೊರಕ್ಕೆ ಚಾಚಿರಲಿ. ತುದಿಗೆ ಅಂಗೈಯಷ್ಟು ಅಗಲದ ಪಟ್ಟಿ ಬೆಸೆದರೆ ಮೆದು ಮಣ್ಣಲ್ಲಿ, ಮರಳಲ್ಲಿ ಹೂತುಹೋಗುವುದಿಲ್ಲ. ರಬ್ಬರ್ ಬುಷ್ ಹಾಕಿಸಬೇಡಿ.

ಊರಿಂದ ಬರುವಾಗ ನಮ್ಮ ಕಾರಿನ ಡಿಕ್ಕಿಯ ಸ್ಥಿತಿ ಎಲ್ಲರಿಗೂ ಗೊತ್ತು: ತೆಂಗಿನಕಾಯಿ ಚೀಲ, ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಉಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿ. ಇಡೀ ಬೆಸೆದ ಪೆಟ್ಟಿಗೆಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ನಾಲ್ಕು ಬದಿಗಳನ್ನೂ ಬಿಡಿಯಾಗಿ ಕತ್ತರಿಸಿ, ಒಂದರ ಸೀಳಿನಲ್ಲಿ ಇನ್ನೊಂದು ಕೂರುವಂತೆ ಮಾಡಿಸಿ. ಕಾಲುಗಳು ಕೊಳವೆಯಲ್ಲಿ ತೂರಿ ಪಿನ್ನಿನಿಂದ ನಿಲ್ಲಲಿ. ಬಿಚ್ಚಿದರೆ ಎಲ್ಲವೂ ಚಪ್ಪಟೆ, ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಬಹುದು. ಸೀಳಿನ ಜೋಡಣೆಯಿಂದ ಇನ್ನೊಂದು ಲಾಭ: ಕಾದ ತಗಡು ಹಿಗ್ಗಲು ಜಾಗ ಇರುತ್ತದೆ, ಬೆಸುಗೆ ಬಿರಿಯುವ ಪ್ರಶ್ನೆಯೇ ಇಲ್ಲ. ಸೀಳು ಮಾತ್ರ ತಗಡಿಗಿಂತ ತುಸು ಅಗಲ ಇರಲಿ, ಇಲ್ಲದಿದ್ದರೆ ಒಮ್ಮೆ ಕಾದ ಮೇಲೆ ಬಿಚ್ಚಲು ಸುತ್ತಿಗೆ ಬೇಕಾಗುತ್ತದೆ. ಬದಿಗಳ ಕೆಳಭಾಗದಲ್ಲಿ ಗಾಳಿಗೆ ತೂತು, ಮೇಲೆ ಜಾಲರಿ ಕೂರಲು ಎರಡು ಮಟ್ಟದ ಕೊಕ್ಕೆ, ಒಂದು ಕೋಳಿಗೆ, ಒಂದು ಮೀನಿಗೆ. ಒಳಗೆ ಬಣ್ಣ ಬೇಡ. ಹೊರಗೆ ಬೇಕಾದರೆ ಬೈಕಿನ ಸೈಲೆನ್ಸರಿಗೆ ಹೊಡೆಯುವ ಬಣ್ಣ ಸಾಕು. ಮೊದಲ ಸಲ ಬಯಲಲ್ಲಿ ಖಾಲಿ ಬೆಂಕಿ ಹಾಕಿ ಎಣ್ಣೆ, ಬಣ್ಣದ ವಾಸನೆ ಹೋದ ಮೇಲೆ ಅಡುಗೆ.

ಇಷ್ಟೆಲ್ಲ ಖರ್ಚು ಬೇಡ ಎನ್ನುವವರಿಗೆ ಗಾರೆ ಕೆಲಸದ ಕಬ್ಬಿಣದ ಬಾಂಡ್ಲಿ ಇದೆ. 10 ಎಂಎಂ ಕಂಬಿಯಲ್ಲಿ ಒಂದು ಬಳೆ, ಮೂರು ಕಾಲು ಬೆಸೆಸಿದರೆ ಎರಡು ಕಿಲೋ ಒಳಗೇ ಸ್ಟ್ಯಾಂಡ್ ಆಯಿತು. ಮೇಲೆ ಬಾಂಡ್ಲಿ, ಕೆಳಗೆ ಹಳೆ ತಟ್ಟೆ. ಮೂರು ಕಾಲು ಏರುಪೇರಿನ ನೆಲದಲ್ಲೂ ಕುಂಟುವುದಿಲ್ಲ.

ಉರುವಲಿಗೆ ನಮ್ಮ ಕಡೆಯ ಗೆರಟೆಗಿಂತ ಒಳ್ಳೆಯದು ಯಾವುದಿದೆ? ಅಬ್ಬಿಗೆರೆಯ ಕಾರ್ಖಾನೆಗಳ ಹೊರಗೆ ಬಿದ್ದಿರುವ ಪ್ಯಾಲೆಟ್ ಮರ ಪುಕ್ಕಟೆ ಸಿಗುತ್ತದೆಂದು ತರುವವರು ಅದರ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದು ಅಡುಗೆಗೆ ಬೇಡ. ಮುದ್ರೆಯೇ ಇಲ್ಲದ್ದನ್ನು, ಎಣ್ಣೆ ಕಲೆ ಇರುವುದನ್ನು ಮುಟ್ಟಬೇಡಿ. ಪ್ಲೈವುಡ್, ಬಣ್ಣದ ಮರವೂ ಬೇಡ.

ಕೆಂಡ ಒಳಗೆ ಬರಬಾರದು

ಇಡೀ ವಿಷಯದಲ್ಲಿ ಜೀವದ ಪ್ರಶ್ನೆ ಇರುವುದು ಇಲ್ಲಿ. ಒಯ್ಯಲು ಸುಲಭವಾದ ಅಗ್ಗಿಷ್ಟಿಕೆಯ ಅಪಾಯವೂ ಅದೇ: ಒಳಗೂ ಒಯ್ಯಬಹುದು. ಮಧ್ಯರಾತ್ರಿ ಮಲೆನಾಡಿನ ಚಳಿ ಏರಿದಾಗ, ‘ಹೊಗೆ ನಿಂತಿದೆ, ಬರೀ ಕೆಂಡ ತಾನೇ, ಟೆಂಟಿನೊಳಗೆ ಇಡೋಣ, ಮಗುವಿಗೆ ಬೆಚ್ಚಗಾಗುತ್ತದೆ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೊಗೆಯಿಲ್ಲದ ಕೆಂಡವೇ ಹೆಚ್ಚು ಮೋಸಗಾರ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಭಾರ, ವಾಕರಿಕೆ, ನಿದ್ದೆ, ಅಷ್ಟೇ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಮುಚ್ಚಿದ ಕೋಣೆಯಲ್ಲಿ ಚಳಿಗೆಂದು ಇದ್ದಿಲು ಹೊತ್ತಿಸಿಟ್ಟು ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ.

ಹಿರಿಯರು ಒಂದು ಮಾತು ಹೇಳುತ್ತಾರೆ: ಬಾಣಂತಿ ಕೋಣೆಯಲ್ಲಿ ನಾವು ಕೆಂಡ ಇಡುತ್ತಿರಲಿಲ್ಲವೇ, ಏನಾಯಿತು? ಆ ಕೋಣೆಗೆ ಹಂಚಿನ ಮಾಡಿತ್ತು. ಹಂಚಿನ ಸಂದಿನಿಂದ, ಬಾಗಿಲ ಬಿರುಕಿನಿಂದ ಗಾಳಿ ಆಡುತ್ತಿತ್ತು. ಅಬ್ಬಿಗೆರೆಯ ಬಾಡಿಗೆ ಮನೆಯ ಆರ್‌ಸಿಸಿ ಕೋಣೆಗೆ ಜನವರಿಯಲ್ಲಿ ಕಿಟಕಿ ಹಾಕಿದರೆ ಅದು ಡಬ್ಬಿ. ಜಿಪ್ ಎಳೆದ ಟೆಂಟ್ ಅದಕ್ಕಿಂತ ಚಿಕ್ಕ ಡಬ್ಬಿ. ಕಾರು ಇನ್ನೂ ಚಿಕ್ಕದು. ಆದ್ದರಿಂದ ಬೂದಿಯಲ್ಲಿ ಕೆಂಡ ಉಳಿದಿರುವ ಅಗ್ಗಿಷ್ಟಿಕೆಯನ್ನು ಡಿಕ್ಕಿಗೆ ಹಾಕಿ ಎಸಿ ಹಚ್ಚಿ ಹೊರಡುವುದು ಅಷ್ಟೇ ಅಪಾಯದ್ದು.

ಬೂದಿಯ ಕೆಳಗಿನ ಕೆಂಡ ಬೆಳಗ್ಗೆಯವರೆಗೂ ಜೀವ ಹಿಡಿದಿರುತ್ತದೆ. ಮಲಗುವ ಒಂದು ಗಂಟೆ ಮೊದಲೇ ಸೌದೆ ಹಾಕುವುದು ನಿಲ್ಲಿಸಿ. ಆಮೇಲೆ ನೀರನ್ನು ಒಮ್ಮೆಲೇ ಸುರಿಯದೆ ದೂರ ನಿಂತು ಸ್ವಲ್ಪ ಸ್ವಲ್ಪವೇ ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ಚಿಮುಕಿಸಿ. ಒಮ್ಮೆಲೇ ಸುರಿದರೆ ಆವಿ ಮುಖಕ್ಕೆ ಹೊಡೆಯುತ್ತದೆ, ತಗಡೂ ಸೊಟ್ಟಗಾಗುತ್ತದೆ. ಅಂಗೈ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದರೆ ಬಿಸಿ ತಟ್ಟಬಾರದು. ನಂತರ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ತುಂಬಿ ಜೊತೆಗೆ ತನ್ನಿ, ಪ್ಯಾಲೆಟ್ ಮರ ಸುಟ್ಟಿದ್ದರೆ ಬೂದಿಯಲ್ಲಿ ಮೊಳೆಗಳೂ ಇರುತ್ತವೆ. ಉಳ್ಳಾಲ, ಸಸಿಹಿತ್ಲು ಕಡಲತೀರದಲ್ಲಿ ಕೆಂಡವನ್ನು ಮರಳಲ್ಲಿ ಹೂತು ಬರುವ ಅಭ್ಯಾಸ ನಮ್ಮಲ್ಲಿದೆ. ಮರಳು ಬಿಸಿಯನ್ನು ಮುಚ್ಚಿಡುತ್ತದೆ, ಆರಿಸುವುದಿಲ್ಲ. ಮರುದಿನ ಬೆಳಗ್ಗೆ ಬರಿಗಾಲಲ್ಲಿ ಓಡಿ ಬರುವ ಮಗುವಿಗೆ ಅಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು?

ಶಿರಾಡಿ, ಚಾರ್ಮಾಡಿಯ ರಸ್ತೆ ಬದಿಯ ಕಾಡಿನಲ್ಲಿ ಮಾತ್ರ ಕಾಲಿರುವುದಾಗಲಿ, ಕಾಲಿಲ್ಲದ್ದಾಗಲಿ, ಯಾವ ಬೆಂಕಿಯೂ ಸಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ, ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಖಾಸಗಿ ತೋಟದಲ್ಲಾದರೆ ಯಜಮಾನರನ್ನು ಕೇಳಿ, ಗಾಳಿ ಜೋರಿದ್ದ ದಿನ ಅವರು ಬೇಡ ಎಂದರೆ ಸುಲೈಮಾನಿಯನ್ನು ಗ್ಯಾಸಿನ ಮೇಲೆ ಕಾಯಿಸಿ.

ಇನ್ನು ಪ್ರವಾಸವಿಲ್ಲದ ವಾರಗಳಲ್ಲಿ ಇದೇ ಅಗ್ಗಿಷ್ಟಿಕೆ ಅಬ್ಬಿಗೆರೆಯ ತಾರಸಿಗೂ ಆದೀತು. ಕಾಂಕ್ರೀಟಿನೊಳಗಿನ ತೇವ ಬಿಸಿಗೆ ಆವಿಯಾಗಿ ಮೇಲ್ಪದರ ಸಿಡಿಯಬಹುದು, ವಾಟರ್‌ಪ್ರೂಫಿಂಗ್ ಪದರ ಕರಗಬಹುದು, ಹಾಗಾಗಿ ಕೆಳಗಿನ ತಟ್ಟೆ ಇಲ್ಲೂ ಬೇಕು. ನೀರಿನ ಟ್ಯಾಂಕ್, ಬಟ್ಟೆ ಹಗ್ಗ, ಕೇಬಲ್‌ಗಳಿಂದ ದೂರ ಇಡಿ. ಹೊತ್ತಿಸುವ ಮೊದಲು ಪಕ್ಕದ ಮನೆಯವರ ಬಟ್ಟೆ ಒಣಗಲು ಹಾಕಿದೆಯೇ ನೋಡಿಕೊಳ್ಳಿ. ಸುಟ್ಟ ಬಂಗುಡೆಯಲ್ಲಿ ಎರಡು ಅವರ ಮನೆಗೂ ಹೋಗಲಿ, ಹೊಗೆಯಂತೂ ಆಗಲೇ ಹೋಗಿರುತ್ತದೆ.