ಅಪ್ಪನ ಶ್ವಾಸಕೋಶ, ಮಗುವಿನ ಹೃದಯ

1954ರ ಮಾರ್ಚ್ 26ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಂದೇ ಕೋಣೆಯೊಳಗೆ ಎರಡು ಶಸ್ತ್ರಚಿಕಿತ್ಸೆಯ ಮೇಜುಗಳಿದ್ದವು. ಒಂದರ ಮೇಲೆ ವರ್ಷ ದಾಟಿದ ಒಂದು ಮಗು. ಅದರ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ಇನ್ನೊಂದರ ಮೇಲೆ ಮಲಗಿದ್ದವರು ಅದರ ಅಪ್ಪ. ಮಗುವಿನ ಮೈಯೆಲ್ಲ ಸುತ್ತಿ ಕಪ್ಪಡರಿದ ರಕ್ತ ಕೊಳವೆಯ ಮೂಲಕ ಅಪ್ಪನ ತೊಡೆಯ ಅಭಿಧಮನಿ ಸೇರಿ, ಅವರ ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡು ಕೆಂಪಾಗಿ, ತೊಡೆಯ ಅಪಧಮನಿಯಿಂದ ಮತ್ತೆ ಮಗುವಿಗೆ ಹರಿಯುತ್ತಿತ್ತು. ನಡುವೆ ಇದ್ದದ್ದು ಒಂದೇ ಒಂದು ಪಂಪು. ಹೋಗುವ ರಕ್ತ, ಬರುವ ರಕ್ತ ಎರಡೂ ಸಮನಾಗಿರುವಂತೆ ನೋಡಿಕೊಳ್ಳುವುದೇ ಅದರ ಕೆಲಸ. ಲೆಕ್ಕ ತಪ್ಪಿದರೆ ಇಬ್ಬರಲ್ಲೊಬ್ಬರ ಮೈ ಬರಿದಾಗುತ್ತಿತ್ತು. ಇಪ್ಪತ್ತು ನಿಮಿಷಕ್ಕೂ ಕಡಿಮೆ ಅವಧಿಯ ಈ ಆಸರೆಯಲ್ಲಿ, 35 ವರ್ಷದ ಶಸ್ತ್ರಚಿಕಿತ್ಸಕ ವಾಲ್ಟನ್ ಲಿಲ್ಲೆಹೈ ಮಗುವಿನ ಹೃದಯವನ್ನು ತೆರೆದು, ರಂಧ್ರವನ್ನು ಕಣ್ಣಾರೆ ಕಂಡು ಹೊಲಿದರು. ಹನ್ನೊಂದು ದಿನಗಳ ನಂತರ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು. ಹೊಲಿಗೆ ಮಾತ್ರ ಭದ್ರವಾಗಿಯೇ ಇತ್ತು.

ಪರಸ್ಪರ ರಕ್ತಪರಿಚಲನೆ ಎನ್ನಬಹುದಾದ ಈ ವಿಧಾನ ಬಳಕೆಯಲ್ಲಿದ್ದದ್ದು ಹದಿನಾರು ತಿಂಗಳು ಮಾತ್ರ. ಆದ್ದರಿಂದ ಹೃದಯ ಚಿಕಿತ್ಸೆಯ ಚರಿತ್ರೆ ಬರೆಯುವವರು ಇದನ್ನು ಒಂದು ಸಾಹಸವೆಂದು ಹೇಳಿ ಮುಂದೆ ಸಾಗುವುದುಂಟು. ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರ ಬರುವ ತನಕದ ತಾತ್ಕಾಲಿಕ ಏರ್ಪಾಡು ಎನ್ನುವುದು ಅವರ ಎಣಿಕೆ. ಅದು ಅರ್ಧ ಸತ್ಯ ಮಾತ್ರ. ಯಂತ್ರವೇ ಉತ್ತರಿಸಲಾಗದಿದ್ದ ಒಂದು ಪ್ರಶ್ನೆಗೆ ಲಿಲ್ಲೆಹೈ ಇಲ್ಲಿ ಉತ್ತರ ಪಡೆದರು ಎಂಬುದು ನನ್ನ ವಾದ.

ಆ ಪ್ರಶ್ನೆ ಹುಟ್ಟಿದ್ದು ಸಾಲು ಸಾವುಗಳಿಂದ. 1951ರಿಂದ 1954ರ ವಸಂತದವರೆಗೆ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹೃದಯ ತೆರೆಯಿಸಿಕೊಂಡವರು ಸುಮಾರು 18 ಮಂದಿ. ಬದುಕಿದ್ದು ಒಬ್ಬಳೇ: 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಚಿಕಿತ್ಸೆ ಮಾಡಿದ 18ರ ಯುವತಿ. ಅನಂತರದ ರೋಗಿಗಳು ಉಳಿಯದಿದ್ದಾಗ ಗಿಬ್ಬನ್ ಅವರೇ ಯಂತ್ರವನ್ನು ಬದಿಗಿಟ್ಟರು. ನಾಯಿಗಳನ್ನು ಬದುಕಿಸುತ್ತಿದ್ದ ಯಂತ್ರ ಮನುಷ್ಯರನ್ನು ಏಕೆ ಬದುಕಿಸಲಿಲ್ಲ? ಹಲವರು ಕೊಟ್ಟ ವಿವರಣೆ ಹೀಗಿತ್ತು: ಪ್ರಯೋಗಾಲಯದ ನಾಯಿಯದು ಆರೋಗ್ಯವಂತ ಹೃದಯ, ರೋಗಿಯದು ಮೊದಲೇ ಬಳಲಿದ ಹೃದಯ, ತೆರೆದು ಹೊಲಿಯುವ ಆಘಾತವನ್ನು ಅದು ತಾಳಲಾರದು. ಇದು ಸರಿಯಾಗಿದ್ದರೆ ಎಷ್ಟೇ ಒಳ್ಳೆಯ ಯಂತ್ರ ಕಟ್ಟಿದರೂ ವ್ಯರ್ಥ. ಹೃದಯ, ಯಂತ್ರ ಎರಡೂ ಅನುಮಾನದಲ್ಲಿರುವಾಗ ಎರಡನ್ನೂ ಒಟ್ಟಿಗೆ ಬಳಸಿ ಎಷ್ಟು ಸಲ ಪ್ರಯತ್ನಿಸಿದರೂ ತಪ್ಪು ಯಾವುದರದೆಂದು ತಿಳಿಯುವುದಿಲ್ಲ.

ಲಿಲ್ಲೆಹೈ ಯಂತ್ರವನ್ನೇ ಲೆಕ್ಕದಿಂದ ತೆಗೆದುಹಾಕಿದರು. ಅಪ್ಪನ ದೇಹ ಬರೀ ಆಮ್ಲಜನಕ ತುಂಬುವ ಸಾಧನವಲ್ಲ. ಅವರ ಯಕೃತ್ತು, ಮೂತ್ರಪಿಂಡಗಳು ಮಗುವಿನ ರಕ್ತದಲ್ಲಿ ಏರುವ ಆಮ್ಲವನ್ನು, ತಪ್ಪುವ ಲವಣಾಂಶವನ್ನು ಆ ಕ್ಷಣಕ್ಕೇ ಸರಿಪಡಿಸುತ್ತಿದ್ದವು. ಅಂದಿನ ಯಾವ ಯಂತ್ರಕ್ಕೂ ಸಾಧ್ಯವಿಲ್ಲದ ಕೆಲಸ ಅದು. ಇಂಥ ಆಸರೆ ಸಿಕ್ಕಮೇಲೂ ಹೃದಯ ಸೋತಿದ್ದರೆ ದೋಷ ಹೃದಯದ್ದೇ ಎನ್ನಬೇಕಾಗುತ್ತಿತ್ತು. ಹಾಗಾಗಲಿಲ್ಲ. ಈ ವಿಧಾನದಲ್ಲಿ ಚಿಕಿತ್ಸೆ ಪಡೆದ 45 ಮಂದಿಯಲ್ಲಿ 28 ಮಂದಿ ಗೆದ್ದು ಮನೆಗೆ ಹೋದರು. ಮೂವತ್ತು ವರ್ಷಗಳ ನಂತರವೂ 22 ಮಂದಿ ಜೀವಂತವಾಗಿದ್ದರು. ಮಕ್ಕಳ ಮೈಯನ್ನು ನೀಲಿಗಟ್ಟಿಸುವ, ಒಂದೇ ಹೃದಯದಲ್ಲಿ ನಾಲ್ಕು ದೋಷಗಳು ಕೂಡಿರುವ ಫಾಲೋ ಕಾಯಿಲೆಯನ್ನು ಒಳಗಿನಿಂದಲೇ ಪೂರ್ತಿ ಸರಿಪಡಿಸಿದ ಮೊದಲ ಚಿಕಿತ್ಸೆ ನಡೆದದ್ದೂ ಹೀಗೆಯೇ, 1954ರ ಆಗಸ್ಟ್ 31ರಂದು. ಬಳಲಿದ ಹೃದಯ ತಾಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇದರ ಹಿಂದೆ ಇನ್ನೊಂದು ಲೆಕ್ಕವೂ ಇತ್ತು, ಯಂತ್ರಕ್ಕೆ ಬಹಳ ಉಪಕಾರವಾದದ್ದು ಅದೇ. ಹೃದಯ ನಿಂತಾಗ ದೇಹಕ್ಕೆ ನಿಮಿಷಕ್ಕೆ ಎಷ್ಟು ರಕ್ತ ಬೇಕು? ಪ್ರತಿ ಕಿಲೋ ತೂಕಕ್ಕೆ ನೂರು ಮಿಲಿಲೀಟರಿಗೂ ಹೆಚ್ಚು ಎಂದು ಎಲ್ಲರೂ ನಂಬಿದ್ದರು. ಆದರೆ ಬ್ರಿಟನ್ನಿನ ಆಂಡ್ರಿಯಾಸೆನ್ ಮತ್ತು ವಾಟ್ಸನ್ 1952ರಲ್ಲಿ, ನಾಯಿಗಳ ಎರಡು ಮಹಾ ಅಭಿಧಮನಿಗಳನ್ನೂ ಬಿಗಿದು, ಅಝೈಗಸ್ ಎಂಬ ಸಣ್ಣ ಅಭಿಧಮನಿಯೊಂದನ್ನೇ ಹರಿಯಲು ಬಿಟ್ಟರೂ ಅವು ಅರ್ಧ ಗಂಟೆಗೂ ಮೀರಿ ಕೆಡುಕಿಲ್ಲದೆ ಉಳಿಯುವುದನ್ನು ತೋರಿಸಿದರು. ಆಗ ಹರಿಯುತ್ತಿದ್ದದ್ದು ಸಾಮಾನ್ಯ ಹರಿವಿನ ಹತ್ತನೇ ಒಂದು ಪಾಲಿನಷ್ಟು. ರಕ್ತ ಕಡಿಮೆಯಾದಾಗ ಅಂಗಾಂಶಗಳು ಬಂದ ರಕ್ತದಿಂದಲೇ ಹೆಚ್ಚು ಆಮ್ಲಜನಕ ಹೀರಿಕೊಳ್ಳುತ್ತವೆ. ಬರಗಾಲದಲ್ಲಿ ಒಂದು ಕೊಡ ನೀರಿನಲ್ಲೇ ಮನೆ ಸಾಗಿಸಿದ ಹಾಗೆ. ಲಿಲ್ಲೆಹೈ ತಂಡ ಕಿಲೋಗೆ 25ರಿಂದ 35 ಮಿಲಿಲೀಟರ್ ಸಾಕೆಂದು ಲೆಕ್ಕ ಹಾಕಿತು. ಹರಿವು ಇಳಿದರೆ ಪಂಪಿನ ಒತ್ತಡಕ್ಕೆ ಒಡೆಯುವ ರಕ್ತಕಣಗಳೂ ಇಳಿಯುತ್ತವೆ, ಯಂತ್ರವೂ ಸಣ್ಣದಾಗಬಹುದು. ಅದೇ ಪ್ರಯೋಗಾಲಯದ ರಿಚರ್ಡ್ ಡಿವಾಲ್ 1955ರ ಮೇ ತಿಂಗಳಲ್ಲಿ ಬಳಕೆಗೆ ತಂದ ಸಾಧನವನ್ನು ನೋಡಿದರೆ ಇದು ಮನವರಿಕೆಯಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಪ್ಲಾಸ್ಟಿಕ್ ಕೊಳವೆಯ ಬುಡದಿಂದ ರಕ್ತದೊಳಕ್ಕೆ ಆಮ್ಲಜನಕದ ಗುಳ್ಳೆಗಳನ್ನು ಬಿಡುವುದು. ಮೇಲೆದ್ದ ನೊರೆಯನ್ನು ಸಿಲಿಕೋನ್ ಲೇಪದಿಂದ ಒಡೆಯುವುದು. ಆಮೇಲೆ ಆ ರಕ್ತವನ್ನು ಸುರುಳಿ ಸುತ್ತಿದ ಕೊಳವೆಯಲ್ಲಿ ನಿಧಾನವಾಗಿ ಇಳಿಬಿಡುವುದು. ಗುಳ್ಳೆಯುಳ್ಳ ರಕ್ತ ಹಗುರ, ಮೇಲೇ ಉಳಿಯುತ್ತದೆ. ಗುಳ್ಳೆ ಕಳೆದ ರಕ್ತ ಭಾರ, ಕೆಳಗಿಳಿದು ರೋಗಿಯನ್ನು ಸೇರುತ್ತದೆ.

ಹಾಗಾದರೆ ಈ ಪ್ರಯೋಗ ನಡೆಯದಿದ್ದರೂ ಯಂತ್ರ ಬರುತ್ತಿರಲಿಲ್ಲವೆ ಎಂದು ಕೇಳಬಹುದು. ಬರುತ್ತಿತ್ತು. ಅದೇ ರಾಜ್ಯದ ಮೇಯೊ ಕ್ಲಿನಿಕ್ಕಿನಲ್ಲಿ ಜಾನ್ ಕರ್ಕ್‌ಲಿನ್ ಗಿಬ್ಬನ್ ಯಂತ್ರವನ್ನು ಸುಧಾರಿಸಿ 1955ರ ಮಾರ್ಚ್‌ನಲ್ಲಿ ಬಳಸತೊಡಗಿದರು. ಮೊದಲ ಎಂಟು ರೋಗಿಗಳಲ್ಲಿ ನಾಲ್ವರು ಉಳಿದರು. ಆ ಶ್ರೇಯಸ್ಸು ಪೂರ್ತಿ ಅವರದೇ. ಆದರೆ ಅಷ್ಟು ಹೊತ್ತಿಗೆ ಒಂದು ವರ್ಷದಿಂದ ಹೃದಯಗಳು ತೆರೆದು, ಹೊಲಿಸಿಕೊಂಡು, ಮತ್ತೆ ಮಿಡಿಯುತ್ತಿದ್ದವು. ಎಂಟರಲ್ಲಿ ನಾಲ್ವರು ಸತ್ತದ್ದನ್ನು ಹೃದಯದ ತಲೆಗೆ ಕಟ್ಟುವ ದಾರಿ ಮುಚ್ಚಿಹೋಗಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಒಬ್ಬ ರೋಗಿಯ ಚಿಕಿತ್ಸೆಯಲ್ಲಿ ಇಬ್ಬರ ಪ್ರಾಣವನ್ನೂ ಪಣಕ್ಕಿಡುವ ವಿಧಾನವಿದು ಎಂಬ ಟೀಕೆ ಆಗಲೇ ಎದ್ದಿತ್ತು. ರಕ್ತ ಹಂಚಿಕೊಂಡವರಲ್ಲಿ ಯಾರೂ ಸಾಯಲಿಲ್ಲ. ಆದರೆ ಒಬ್ಬ ತಾಯಿಯ ರಕ್ತಕ್ಕೆ ಗಾಳಿ ಸೇರಿ, ಮಿದುಳಿಗೆ ಶಾಶ್ವತ ಹಾನಿಯಾಯಿತು. 28 ಜೀವಗಳನ್ನು ತೋರಿಸಿ ಅದನ್ನು ಅಳಿಸಲಾಗದು. ಸಾಯುತ್ತಿರುವ ಮಗುವಿನ ಮುಂದೆ ನಿಂತ ತಾಯಿತಂದೆಯ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಇಂದು ಬೆಂಗಳೂರಿನಲ್ಲೂ ತಾಯಿಯೊಬ್ಬಳು ಯಕೃತ್ತಿನ ಒಂದು ಭಾಗವನ್ನು ಮಗುವಿಗೆ ಕೊಡುವಾಗ ಇದೇ ಪ್ರಶ್ನೆ ಎದುರಾಗುತ್ತದೆ. ಅಪಾಯವನ್ನು ಬಿಡಿಸಿ ಹೇಳಿ, ಬೇರೆ ದಾರಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ನಾವು ಅದನ್ನು ಒಪ್ಪುತ್ತೇವೆ. ಲಿಲ್ಲೆಹೈ ಅವರನ್ನು ಅಳೆಯಬೇಕಾದದ್ದೂ ಈ ಬೇರೆ ದಾರಿಯ ಷರತ್ತಿನಿಂದಲೇ. ಡಿವಾಲ್ ಸಾಧನ ಮೊದಲು ರೋಗಿಯೊಬ್ಬರಿಗೆ ಆಸರೆಯಾದದ್ದು 1955ರ ಮೇ 13ರಂದು. ಅದೇ ವರ್ಷದ ಜುಲೈ ಕಳೆದ ಮೇಲೆ ಲಿಲ್ಲೆಹೈ ಶಸ್ತ್ರಚಿಕಿತ್ಸೆಯ ಕೋಣೆಗೆ ಎರಡನೆಯ ಮೇಜನ್ನು ಮತ್ತೆ ತರಿಸಲಿಲ್ಲ.